ಹಳೆಯ ಕಾಗದವೂ ಬಾಳೆಯ ನಾರೂ: ಮನೆಯಲ್ಲಿ ಮಕ್ಕಳೊಡನೆ ಕೈಕಾಗದ ಮಾಡುವ ಕ್ರಮ

ಗ್ರಾಮಗಳಲ್ಲಿ ಪ್ರತಿವರ್ಷವೂ ಎರಡು ಪದಾರ್ಥಗಳು ನಿಷ್ಪ್ರಯೋಜಕವೆಂದು ಎಣಿಸಲ್ಪಟ್ಟು ಹಾಳಾಗುತ್ತವೆ. ಶಾಲೆಯ ವರ್ಷ ಮುಗಿದೊಡನೆ ಮಕ್ಕಳು ಬರೆದು ತುಂಬಿಸಿದ ಪುಸ್ತಕಗಳು ಒಂದು ಮೂಲೆಗೆ ಬೀಳುತ್ತವೆ. ಕೆಲವು ದಿನಗಳ ತರುವಾಯ ಅವು ನೀರೊಲೆಗೆ ಹೋಗುತ್ತವೆ, ಇಲ್ಲವೆ ಹಿತ್ತಿಲಿನಲ್ಲಿ ಪ್ಲಾಸ್ಟಿಕ್ ಮೊದಲಾದ ಕಸದೊಡನೆ ಸುಡಲ್ಪಡುತ್ತವೆ. ತೋಟದಲ್ಲಿ ಗೊನೆ ಕಡಿದ ಬಾಳೆಯ ಗಿಡವು ಎರಡನೆಯ ಸಲ ಫಲ ಕೊಡುವುದಿಲ್ಲವಾದುದರಿಂದ ಅದನ್ನೂ ಕಡಿದು ಬದುವಿನ ಮೇಲೆ ಹಾಕುವರು. ಈ ಎರಡು ಪದಾರ್ಥಗಳನ್ನು ಕೂಡಿಸಿದರೆ ಮನೆಯಲ್ಲಿಯೇ ಗಟ್ಟಿಯಾದ ಕಾಗದವಾಗುತ್ತದೆಂಬುದನ್ನು ಅರಿತವರು ಸ್ವಲ್ಪ ಮಂದಿ. ಹಳೆಯ ಕಾಗದ ಮಾತ್ರದಿಂದಲೂ ಕಾಗದವಾಗುವುದು ನಿಜ. ಆದರೆ ಅದು ಬೇಗನೆ ಹರಿಯುತ್ತದೆ. ಹೊಲತೋಟಗಳ ನಾರು ಒಂದು ಪಾಲು ಸೇರಿದರೆ ಮಾತ್ರವೇ ಅದಕ್ಕೆ ಬಲ ಬರುವುದು. ಇದಕ್ಕೆ ಕಾರಣವೇನು, ಮಾಡುವ ಕ್ರಮ ಹೇಗೆ, ಮಕ್ಕಳ ಕೈಗೆ ಕೊಡಬಹುದಾದ ಕೆಲಸ ಯಾವುದು, ಕೊಡಕೂಡದ ಕೆಲಸ ಯಾವುದು ಎಂಬ ವಿಷಯಗಳನ್ನು ಮುಂದೆ ವಿವರಿಸಿದೆ.

1. ಪೂರ್ವವೃತ್ತಾಂತ

ಕಾಗದವು ಮೊಟ್ಟಮೊದಲಿನಿಂದಲೂ ಬೇಡವಾದ ವಸ್ತುಗಳಿಂದಲೇ ಹುಟ್ಟಿದ ಪದಾರ್ಥವಾಗಿದೆ. ಕ್ರಿ.ಶ. 105ರಲ್ಲಿ ಚೀನಾದೇಶದ ಅರಮನೆಯ ಅಧಿಕಾರಿಯಾಗಿದ್ದ ತ್ಸಾಯ್ ಲುನ್ ಎಂಬುವನು ಮರದ ತೊಗಟೆ, ಸಣಬಿನ ಚೂರು, ಹಳೆಯ ಚಿಂದಿ, ಹರಿದ ಮೀನುಬಲೆ ಇವುಗಳಿಂದ ಕಾಗದವನ್ನು ಮಾಡಿ ಚಕ್ರವರ್ತಿಗೆ ಒಪ್ಪಿಸಿದನೆಂದು ಆ ದೇಶದ ಚರಿತ್ರೆ ಹೇಳುತ್ತದೆ. ಭಾರತದಲ್ಲಿ ಈ ಕಸುಬನ್ನು ಅವಲಂಬಿಸಿದವರಿಗೆ ಕಾಗಜಿಗಳೆಂದು ಹೆಸರು. ಜಯಪುರದ ಬಳಿಯ ಸಾಂಗಾನೇರ್, ದೌಲತಾಬಾದಿನ ಬಳಿಯ ಕಾಗಜಿಪುರ ಮೊದಲಾದ ಊರುಗಳು ಇವರಿಂದಲೇ ಪ್ರಸಿದ್ಧಿಗೆ ಬಂದವು. ಹರಿದ ಚೀಲ, ಸವೆದ ಹಗ್ಗ, ಹಳೆಯ ಕಾಗದ ಇವೇ ಅವರ ಮೂಲದ್ರವ್ಯಗಳಾಗಿದ್ದವು.

ಕನ್ನಡನಾಡಿನ ವರ್ತಕರೂ ಶ್ಯಾನುಭೋಗರೂ ಲೆಕ್ಕಕ್ಕಾಗಿ ಬಳಸುತ್ತಿದ್ದ ಕಡತವೂ ಇದೇ ಬುದ್ಧಿಯ ಫಲವೆನ್ನಬಹುದು. ಬಟ್ಟೆಗೆ ಹುಣಿಸೇಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದದ್ದು ಬೇಡವಾದಾಗ ಒರಸಿ ಮತ್ತೆ ಬರೆಯಬಹುದಾಗಿತ್ತು. ಒಮ್ಮೆ ಬಳಸಿ ಬಿಸಾಡುವುದು ಹಿಂದಿನವರ ಪದ್ಧತಿಯಾಗಿರಲಿಲ್ಲ.

ಯೂರೋಪಿನಲ್ಲಿ 1774ರಲ್ಲಿ ಯುಸ್ಟುಸ್ ಕ್ಲಾಪ್ರೋಟ್ ಎಂಬ ಜರ್ಮನ್ ಪಂಡಿತನು ಮುದ್ರಿತ ಕಾಗದದ ಮಸಿಯನ್ನು ತೊಳೆದು ಪುನಃ ಕಾಗದ ಮಾಡುವ ವಿಧಾನವನ್ನು ಪ್ರಕಟಿಸಿದನು. 1800ರಲ್ಲಿ ಇಂಗ್ಲೆಂಡಿನಲ್ಲಿ ಮಥಾಯಸ್ ಕೂಪ್ಸ್ ಎಂಬುವನು ಇದೇ ಕೆಲಸಕ್ಕೆ ಹಕ್ಕುಪತ್ರವನ್ನು ಪಡೆದನು. ತರುವಾಯ ಮರದ ತಿರುಳಿನಿಂದ ಕಾಗದ ಮಾಡುವ ಯಂತ್ರಗಳು ಬಂದು, ಕಾಗದವು ಅಗ್ಗವಾಗಿ, ಹಳೆಯದರ ಮೇಲಣ ಗೌರವವು ಕಡಿಮೆಯಾಯಿತು. ಕೈಕಸುಬು ಕ್ಷೀಣಿಸುತ್ತಿದ್ದ ಕಾಲದಲ್ಲಿ, 1934ರಲ್ಲಿ ಮಹಾತ್ಮಾ ಗಾಂಧಿಯವರ ಪ್ರೇರಣೆಯಿಂದ ಸ್ಥಾಪಿತವಾಗಿ ವಾರ್ಧಾದಲ್ಲಿ ನೆಲೆಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕಾಗದವನ್ನೂ ತನ್ನ ಉದ್ಯೋಗಗಳಲ್ಲಿ ಒಂದಾಗಿ ಕೈಗೊಂಡಿತು. ಮೈಸೂರು ಸಂಸ್ಥಾನದಲ್ಲಿ 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಕಾರ್ಖಾನೆಯ ದಾರಿ ಬೇರೆ, ಮನೆಯ ದಾರಿ ಬೇರೆ. ಆದರೆ ಎರಡಕ್ಕೂ ಆಧಾರವಾದ ತತ್ತ್ವವು ಒಂದೇ ಆಗಿದೆ.

2. ಕಾಗದವೆಂದರೆ ಏನು?

ಒಂದು ಹಾಳೆಯನ್ನು ಹರಿದು, ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಕೂದಲಿಗಿಂತಲೂ ಸಣ್ಣವಾದ ಎಳೆಗಳು ಕಾಣುತ್ತವೆ. ಇವು ಗಿಡಮರಗಳ ನಾರುಗಳು. ಇವು ನೀರಿನಲ್ಲಿ ನೆನೆದು, ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದು, ನೀರು ಆರಿದಂತೆಲ್ಲಾ ಹತ್ತಿರಕ್ಕೆ ಸೆಳೆಯಲ್ಪಟ್ಟು, ಕೊನೆಗೆ ತಮ್ಮತಮ್ಮಲ್ಲಿಯೇ ಹಿಡಿದುಕೊಳ್ಳುತ್ತವೆ. ಇದಕ್ಕೆ ಬೇರೆ ಅಂಟಿನ ಅಗತ್ಯವಿಲ್ಲ. ಮತ್ತೆ ನೀರಿನಲ್ಲಿ ನೆನೆಸಿ ಬಡಿದರೆ ಈ ಹಿಡಿತವು ಬಿಟ್ಟು ನಾರುಗಳು ಬೇರೆಬೇರೆಯಾಗುತ್ತವೆ. ಹಳೆಯ ಕಾಗದದಿಂದ ಹೊಸ ಕಾಗದವಾಗುವುದಕ್ಕೆ ಇದೇ ಕಾರಣ.

ಆದರೆ ಪ್ರತಿಯೊಂದು ಸಲ ನೆನೆಸಿ ಬಡಿದು ಒಣಗಿಸಿದಾಗಲೂ ನಾರುಗಳು ತುಂಡಾಗಿ ಗಿಡ್ಡವಾಗುತ್ತವೆ, ಒರಟಾಗಿಯೂ ಆಗುತ್ತವೆ. ಮರದ ನಾರನ್ನು ಐದರಿಂದ ಏಳು ಸಲ ಹೀಗೆ ಪುನಃ ಬಳಸಬಹುದೆಂದು ಸಾಮಾನ್ಯವಾಗಿ ಲೆಕ್ಕ ಹಾಕುವರು. ಅಂಗಡಿಯಿಂದ ತಂದ ಕಾಗದದಲ್ಲಿ ಎಷ್ಟೋ ಸಲ ಒಂದು ಭಾಗವು ಆಗಲೇ ಹಳೆಯ ನಾರಾಗಿರುತ್ತದೆ. ಆದುದರಿಂದ ಅದನ್ನು ಮನೆಯಲ್ಲಿ ಮತ್ತೊಮ್ಮೆ ಬಡಿದು ಮಾಡಿದ ಹಾಳೆಯು ದಪ್ಪವಾಗಿ ಕಂಡರೂ ಮಡಿಸಿದಲ್ಲಿ ಒಡೆಯುತ್ತದೆ. ಗೋಡೆ ಕಟ್ಟುವಾಗ ಬರಿಯ ಸಣ್ಣ ಕಲ್ಲುಗಳಿಂದ ಕಟ್ಟಿದರೆ ನಿಲ್ಲದು; ಅಲ್ಲಲ್ಲಿ ಉದ್ದನೆಯ ಕಟ್ಟುಗಲ್ಲು ಬೇಕು. ಉದ್ದ ನಾರು ಕಾಗದದಲ್ಲಿ ಮಾಡುವ ಕೆಲಸವೂ ಅಂತಹದೇ.

ಈ ಉದ್ದ ನಾರು ಬಾಳೆಯ ಪಟ್ಟೆಯಲ್ಲಿ ಯಥೇಚ್ಛವಾಗಿ ಇರುತ್ತದೆ. ಹೂವು ಕಟ್ಟುವವರು ಬಾಳೆನಾರನ್ನೇ ದಾರವಾಗಿ ಬಳಸುವುದನ್ನು ನೋಡಿದರೆ ಅದರ ಬಲವು ವಿದಿತವಾಗುವುದು. ಸಣಬು, ಪುಂಡಿ ಇವುಗಳ ನಾರೂ ಒಳ್ಳೆಯದೇ. ಬತ್ತದ ಹುಲ್ಲಿನ ನಾರು ಗಿಡ್ಡವಾದುದರಿಂದ ಅದು ಕಾಗದಕ್ಕೆ ಅಂದವನ್ನು ಕೊಟ್ಟೀತೇ ಹೊರತು ಬಲವನ್ನು ಕೊಡದು; ಮೇಲಾಗಿ ಹುಲ್ಲು ದನಗಳ ಆಹಾರವಾಗಿರುವುದರಿಂದ ಅದನ್ನು ಇದಕ್ಕಾಗಿ ವ್ಯಯಮಾಡತಕ್ಕದ್ದಲ್ಲ. ಹತ್ತಿಯ ಬಟ್ಟೆಯ ಚಿಂದಿಯಿಂದ ಅತ್ಯುತ್ತಮವಾದ ಕಾಗದವಾಗುವುದಾದರೂ ಅದನ್ನು ಬಿಡಿಸಿ ತಿರುಳು ಮಾಡಲು ಯಂತ್ರವು ಬೇಕಾಗುವುದರಿಂದ ಮನೆಯ ಕೆಲಸಕ್ಕೆ ಅನುಕೂಲವಲ್ಲ.

3. ತೆಗೆದುಕೊಳ್ಳತಕ್ಕ ಕಾಗದ, ಬಿಡತಕ್ಕ ಕಾಗದ

ಬರೆದ ನೋಟುಪುಸ್ತಕ, ಲೆಕ್ಕದ ಹಾಳೆ, ಹಳೆಯ ಪ್ರಕಟಣೆಗಳು, ಲಕೋಟೆ ಇವು ಶ್ರೇಷ್ಠ. ಕಂದುಬಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿ ಸ್ವಲ್ಪ ಉದ್ದವಾದ ನಾರಿರುವುದರಿಂದ ಕಾಗದವು ಗಟ್ಟಿಯಾಗುವುದು, ಬಣ್ಣ ಮಾತ್ರ ಕಂದು. ವೃತ್ತಪತ್ರಿಕೆಯಿಂದ ಬೂದುಬಣ್ಣದ ಮೆದು ಕಾಗದವಾಗುತ್ತದೆ. ಅದು ಬಿಸಿಲಿಗೆ ಬೇಗನೆ ಹಳದಿಗೆ ತಿರುಗುವುದು. ಮೇಣ ಅಥವಾ ಪ್ಲಾಸ್ಟಿಕ್ ಲೇಪನವುಳ್ಳ ಕಾಗದ, ಹಾಲುಹಣ್ಣಿನ ರಸಗಳ ಪೆಟ್ಟಿಗೆ, ಮಿರುಗುವ ಜಾಹೀರಾತು, ಯಂತ್ರದಿಂದ ಬರುವ ನುಣುಪು ರಸೀದಿ ಇವುಗಳನ್ನು ಬಿಡತಕ್ಕದ್ದು.

ಕ್ರಿಮಿನಾಶಕ, ಕಳೆನಾಶಕ, ಬೀಜೋಪಚಾರದ ಔಷಧ ಇವುಗಳನ್ನು ತುಂಬಿದ್ದ ಪೆಟ್ಟಿಗೆ ಮತ್ತು ಪೊಟ್ಟಣಗಳನ್ನು ಎಷ್ಟು ಚೊಕ್ಕಟವಾಗಿ ಕಂಡರೂ ಮಕ್ಕಳ ಕೈಗೆ ಕೊಡಲೇಕೂಡದು. ರಟ್ಟು ವಿಷವನ್ನು ಹೀರಿಕೊಂಡಿರುವ ಸಂಭವವುಂಟು. ನೀರಿನಲ್ಲಿ ನೆನೆಸಿದಾಗ ಅದು ನೀರಿಗೆ ಬಂದು, ಗಂಟೆಗಟ್ಟಲೆ ನೀರಿನಲ್ಲಿ ಕೈಯಾಡಿಸುವ ಮಕ್ಕಳ ಚರ್ಮಕ್ಕೆ ಸೇರುತ್ತದೆ. ಸಿಮೆಂಟಿನ ಚೀಲಗಳನ್ನೂ ಬಿಡತಕ್ಕದ್ದು.

ಇನ್ನೊಂದು ಎಚ್ಚರಿಕೆಯು ಮನೆಯ ಯಜಮಾನರಿಗೇ ಸೇರಿದ್ದು. ಕಾಗದದ ಕಟ್ಟನ್ನು ನೀರಿಗೆ ಹಾಕುವುದಕ್ಕೆ ಮುಂಚೆ ಓದುಬರಹ ಬಲ್ಲ ಹಿರಿಯರೊಬ್ಬರು ಒಂದೊಂದು ಹಾಳೆಯನ್ನೂ ತಿರುವಿ ನೋಡತಕ್ಕದ್ದು. ಕಂದಾಯದ ರಸೀದಿ, ಪಹಣಿ, ಕ್ರಯಪತ್ರ, ವಿಭಾಗಪತ್ರ, ಸಾಲ ತೀರಿದ ಕಾಗದ, ಶಾಲೆಯ ಪ್ರಮಾಣಪತ್ರ ಇವು ಹಳೆಯ ಲೆಕ್ಕಗಳ ನಡುವೆ ಸೇರಿಕೊಂಡಿರುವುದು ಸಾಮಾನ್ಯ. ಒಂದು ರಾತ್ರಿ ನೆನೆದ ದಸ್ತಾವೇಜನ್ನು ಯಾರೂ ಮರಳಿ ಪಡೆಯಲಾರರು. ತಾತಂದಿರ ಕಾಲದ ಕಡತ, ಓಲೆಗರಿ, ಕೈಬರಹದ ಬಖೈರು ಇವು ಸಿಕ್ಕಿದರೆ ಹಾಗೆಯೇ ಕಟ್ಟಿ ಇಡತಕ್ಕದ್ದು. ಗ್ರಾಮದ ಚರಿತ್ರೆಯು ಅಂತಹವುಗಳಲ್ಲಿ ಅಡಗಿರುತ್ತದೆ.

4. ಬೇಕಾಗುವ ಸಾಮಾನುಗಳು

ಒಳ ಅಳತೆ 8 ಅಂಗುಲ ಉದ್ದ, 6 ಅಂಗುಲ ಅಗಲವಿರುವ ಒಂದೇ ಸಮನಾದ ಎರಡು ಮರದ ಚೌಕಟ್ಟುಗಳು ಬೇಕು. ಪಟ್ಟಿಯ ಎತ್ತರ ಒಂದು ಅಂಗುಲಕ್ಕೆ ಕಡಿಮೆಯಿರಬಾರದು. ಒಂದು ಚೌಕಟ್ಟಿಗೆ ಕಿಟಕಿಗಳಿಗೆ ಹೊಡೆಯುವ ಸೊಳ್ಳೆಜಾಲರಿಯನ್ನು ಬಿಗಿಯಾಗಿ ಎಳೆದು, ತುಕ್ಕು ಹಿಡಿಯದ ಸಣ್ಣ ಮೊಳೆಗಳಿಂದ ಹೊಡೆಯಬೇಕು. ಜಾಲರಿಯು ಜೋಲುಬಿದ್ದರೆ ಹಾಳೆಯ ನಡುಭಾಗ ದಪ್ಪವಾಗುತ್ತದೆ. ಇದಕ್ಕೆ ಜಾಲರಿಯ ಚೌಕಟ್ಟೆಂದೂ ಬರಿದಾದ ಇನ್ನೊಂದಕ್ಕೆ ಮೇಲಣ ಚೌಕಟ್ಟೆಂದೂ ಹೆಸರಿಡಬಹುದು. ಊರಿನ ಬಡಗಿಯು ಇವೆರಡನ್ನೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲನು.

ಇವಲ್ಲದೆ ಇಪ್ಪತ್ತು ಲೀಟರ್ ನೀರು ಹಿಡಿಯುವ ಅಗಲವಾದ ತೊಟ್ಟಿ ಅಥವಾ ಟಬ್, ಅಡಿಗೆಗೆ ಉಪಯೋಗಿಸದ ಒರಳು ಮತ್ತು ಒನಕೆ, ಹಳೆಯ ಪಂಚೆಯನ್ನು 10 ಅಂಗುಲ ಉದ್ದ 8 ಅಂಗುಲ ಅಗಲಕ್ಕೆ ಕತ್ತರಿಸಿದ ಇಪ್ಪತ್ತೈದು ತುಂಡುಗಳು, ಮಡಿಸಿದ ಹಳೆಯ ಕಂಬಳಿ, ನುಣುಪಾದ ಎರಡು ಹಲಗೆಗಳು, ಭಾರಕ್ಕಾಗಿ ಕಲ್ಲುಗಳು, ಒಂದು ತಕ್ಕಡಿ ಇಷ್ಟು ಸಾಕು. ಒರಳು ಒನಕೆಗೆ ಬದಲಾಗಿ ಮಿಕ್ಸಿಯನ್ನು ಬಳಸುವರೂ ಉಂಟು. ಆದರೆ ಮಿಕ್ಸಿಯ ಅಲಗು ನಾರನ್ನು ಕತ್ತರಿಸುತ್ತದೆ, ಒನಕೆಯು ಜಜ್ಜಿ ಬಿಡಿಸುತ್ತದೆ. ಹಳೆಯ ಕಾಗದಕ್ಕೆ ಮಿಕ್ಸಿಯಾದೀತು. ಬಾಳೆಯ ನಾರಿಗೆ ಒನಕೆಯೇ ಮೇಲು.

5. ಬಾಳೆಯ ನಾರಿನ ತಯಾರಿ: ಹಿರಿಯರ ಕೆಲಸ

ಗೊನೆ ಕಡಿದ ಗಿಡದ ಹೊರಗಣ ನಾಲ್ಕಾರು ಪಟ್ಟೆಗಳನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು. ಬಾಳೆಯ ಕಾಂಡದಲ್ಲಿ ಪೊಟ್ಯಾಷ್ ಸತ್ತ್ವವು ಹೇರಳವಾಗಿರುವುದರಿಂದ ಉಳಿದುದನ್ನು ಕೊಚ್ಚಿ ತೋಟಕ್ಕೇ ಹಾಕುವುದು ಲಾಭಕರ. ಸೊರಗು ರೋಗ ತಗುಲಿದ ತೋಟದಿಂದ ಪಟ್ಟೆಯನ್ನು ತರಲೇಕೂಡದು. ಆ ರೋಗದ ಬೂಷ್ಟು ಗಿಡದ ಭಾಗಗಳೊಡನೆಯೂ ಮಣ್ಣಿನೊಡನೆಯೂ ಒಂದು ತೋಟದಿಂದ ಇನ್ನೊಂದಕ್ಕೆ ಹರಡುತ್ತದೆ.

ಪಟ್ಟೆಯನ್ನು ಸೀಳಿ ಒಣಗಿಸಿ ಒಂದು ಅಂಗುಲದ ತುಂಡುಗಳಾಗಿ ಕತ್ತರಿಸಬೇಕು. ಒಣಗಿದ ಪಟ್ಟೆ 250 ಗ್ರಾಂ ಇದ್ದರೆ ಬಟ್ಟೆ ಒಗೆಯುವ ಸೋಡಾ 50 ಗ್ರಾಂ, ನೀರು ನಾಲ್ಕರಿಂದ ಐದು ಲೀಟರ್ ಸೇರಿಸಿ, ಬಯಲಿನಲ್ಲಿ ಹೂಡಿದ ಒಲೆಯ ಮೇಲೆ ಎರಡರಿಂದ ನಾಲ್ಕು ಗಂಟೆಗಳ ಕಾಲ ಬೇಯಿಸಬೇಕು. ಪಾತ್ರೆಯು ಸ್ಟೀಲಿನದಾಗಿರಬೇಕು, ಅಲ್ಯೂಮಿನಿಯಮ್ ಪಾತ್ರೆಯನ್ನು ಕ್ಷಾರವು ತಿನ್ನುತ್ತದೆ. ಸೋಡಾಕ್ಕೆ ಬದಲಾಗಿ ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಸೋಸಿ ಬಳಸಬಹುದು. ಇದು ನಿಧಾನವಾಗಿ ಕೆಲಸ ಮಾಡುತ್ತದಾದರೂ ಭೂಮಿಗೆ ಒಳ್ಳೆಯದು. ಎಳೆಯನ್ನು ಹಿಡಿದೆಳೆದಾಗ ಸುಲಭವಾಗಿ ಬಿಡಿಬಿಡಿಯಾಗಿ ಬಂದರೆ ಬೆಂದಿತೆಂದು ತಿಳಿಯತಕ್ಕದ್ದು. ಅನಂತರ ಜರಡಿಯಲ್ಲಿ ಸುರಿದು, ಕೈಗೆ ಜಾರಿಕೆ ಹತ್ತದವರೆಗೆ ಮತ್ತು ನೀರು ತಿಳಿಯಾಗಿ ಬರುವವರೆಗೆ ತೊಳೆಯಬೇಕು. ತೊಳೆದ ನಾರನ್ನು ಒರಳಿನಲ್ಲಿ ಜಜ್ಜಿ, ಒಂದು ಚಿಟಿಕೆಯನ್ನು ಲೋಟದ ನೀರಿನಲ್ಲಿ ಹಾಕಿ ಅಲುಗಿಸಿದಾಗ ಮೋಡದಂತೆ ಸಮನಾಗಿ ಹರಡಿಕೊಂಡರೆ ಕೆಲಸ ಮುಗಿಯಿತು. ಹೆಚ್ಚಾದುದನ್ನು ಹಿಂಡಿ ಉಂಡೆಕಟ್ಟಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಉಳಿಯುವುದು. ಬೇಕಾದಾಗ ನೆನೆಸಿ ಜಜ್ಜಿಕೊಳ್ಳಬಹುದು.

ಈ ಕೆಲಸದಲ್ಲಿ ಮಕ್ಕಳು ಭಾಗಿಗಳಾಗಕೂಡದು. ಕುದಿಯುವ ಕ್ಷಾರಜಲವು ಚರ್ಮವನ್ನೂ, ಅದಕ್ಕಿಂತ ಹೆಚ್ಚಾಗಿ ಕಣ್ಣುಗಳನ್ನೂ ಕೆಡಿಸುತ್ತದೆ. ಬೇಗ ಬೇಯುವುದೆಂಬ ಆಸೆಯಿಂದ ಕಾಸ್ಟಿಕ್ ಸೋಡಾವನ್ನು ತಂದು ಮನೆಯಲ್ಲಿ ಇಡುವುದು ಸರ್ವಥಾ ಸಲ್ಲದು. ಬೆಂದು ತೊಳೆದು ಮುಗಿದ ಮೇಲೆಯೇ ನಾರನ್ನು ಮಕ್ಕಳ ಕೈಗೆ ಕೊಡತಕ್ಕದ್ದು.

6. ತಿರುಳು ಮಾಡುವುದು: ಮಕ್ಕಳ ಕೆಲಸ

ಒಂದು ಬೆಳಗಿನ ಕೆಲಸಕ್ಕೆ ಹಳೆಯ ಕಾಗದ 75 ಗ್ರಾಂ, ಬೇಯಿಸಿ ತೊಳೆದ ಬಾಳೆನಾರು ಒಣ ತೂಕದಲ್ಲಿ 25 ಗ್ರಾಂ, ಅಂದರೆ ಮೂರು ಪಾಲಿಗೆ ಒಂದು ಪಾಲು ಎಂದು ಲೆಕ್ಕ ಹಿಡಿಯಬಹುದು. ಕಚೇರಿಗಳಲ್ಲಿ ಬಳಸುವ ಎ-4 ಅಳತೆಯ ಹಾಳೆಯೊಂದು ಸಾಮಾನ್ಯವಾಗಿ 5 ಗ್ರಾಂ ತೂಗುವುದರಿಂದ ಅಂತಹ ಹದಿನೈದು ಹಾಳೆಗಳು ಸಾಕು.

ಹಿಂದಿನ ದಿನ ಸಾಯಂಕಾಲ ಮಕ್ಕಳು ಕಾಗದದ ಪಿನ್ನುಗಳನ್ನೂ ಅಂಟುಪಟ್ಟಿಗಳನ್ನೂ ತೆಗೆದು, ಹಾಳೆಗಳನ್ನು ಹೆಬ್ಬೆರಳಿನ ಉಗುರಿನಷ್ಟು ಚೂರುಗಳಾಗಿ ಹರಿಯಬೇಕು. ಐದಾರು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಕತ್ತರಿಗಿಂತ ಕೈಯಿಂದ ಹರಿಯುವುದೇ ಮೇಲು. ಕತ್ತರಿಯು ನಾರನ್ನು ಕಡಿಯುತ್ತದೆ, ಹರಿದಾಗ ನಾರು ಬಿಡಿಸಿಕೊಂಡು ಬರುತ್ತದೆ. ಚೂರುಗಳನ್ನು ರಾತ್ರಿಯೆಲ್ಲಾ ನೆನೆಸಿ, ಬೆಳಿಗ್ಗೆ ಒರಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ, ಅಕ್ಷರಗಳೂ ಚೂರುಗಳೂ ಕಾಣದಂತೆ ಗಂಜಿಯ ಹದಕ್ಕೆ ಬರುವವರೆಗೆ ಕುಟ್ಟಬೇಕು. ಮಸಿಯ ದೆಸೆಯಿಂದ ಕಾಗದಕ್ಕೆ ನಸುಬೂದು ಅಥವಾ ನಸುನೀಲಿ ಬಣ್ಣ ಬರುವುದು. ಅದನ್ನು ಕಳೆಯಲು ಬಿಳುಪುಮಾಡುವ ಔಷಧವನ್ನು ಬಳಸುವ ಅಗತ್ಯವಿಲ್ಲ. ಬಣ್ಣ ಬೇಕೆಂದರೆ ಅರಿಸಿನದ ನೀರನ್ನೋ ಈರುಳ್ಳಿಯ ಸಿಪ್ಪೆ ಬೇಯಿಸಿದ ನೀರನ್ನೋ ಸೇರಿಸಬಹುದು. ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ.

7. ಹಾಳೆಯನ್ನು ಎತ್ತುವುದು

ತೊಟ್ಟಿಗೆ ಮುಕ್ಕಾಲುಪಾಲು ನೀರು ತುಂಬಿ, ತಿರುಳನ್ನೂ ನಾರನ್ನೂ ಹಾಕಿ ಕೈಯಿಂದ ಚೆನ್ನಾಗಿ ಕದಡಬೇಕು. ನೂರು ಗ್ರಾಂ ತಿರುಳಿಗೆ ಇಪ್ಪತ್ತು ಲೀಟರ್ ನೀರೆಂಬುದು ಸಾಧಾರಣವಾದ ಪ್ರಮಾಣ. ತೆಳುವಾದ ಮಜ್ಜಿಗೆಯಂತೆ ಇದ್ದರೆ ಹದ ಸರಿಯೆನ್ನಬಹುದು. ಅರ್ಧ ತಿರುಳನ್ನು ಮೊದಲು ಹತ್ತು ಲೀಟರ್ ನೀರಿಗೆ ಹಾಕಿ, ಎರಡು ಮೂರು ಹಾಳೆ ಎತ್ತಿದ ಮೇಲೆ ಒಂದೊಂದು ಹಿಡಿಯಷ್ಟು ತಿರುಳನ್ನೂ ತಕ್ಕಷ್ಟು ನೀರನ್ನೂ ಸೇರಿಸುತ್ತಾ ಹೋದರೆ ಮೊದಲಿನ ಹಾಳೆಯೂ ಕೊನೆಯ ಹಾಳೆಯೂ ಒಂದೇ ದಪ್ಪವಾಗಿರುತ್ತವೆ.

ಜಾಲರಿಯ ಚೌಕಟ್ಟನ್ನು ಜಾಲರಿ ಮೇಲಾಗುವಂತೆ ಹಿಡಿದು, ಅದರ ಮೇಲೆ ಬರಿಯ ಚೌಕಟ್ಟನ್ನು ಸರಿಯಾಗಿ ಕೂಡಿಸಿ, ಎರಡನ್ನೂ ಎರಡು ಕೈಗಳಿಂದ ಬಿಗಿಯಾಗಿ ಹಿಡಿಯಬೇಕು. ತೊಟ್ಟಿಯ ನೀರನ್ನು ಇನ್ನೊಬ್ಬರು ಕದಡಿದ ಕೂಡಲೆ ಚೌಕಟ್ಟನ್ನು ಓರೆಯಾಗಿ ಮುಳುಗಿಸಿ, ಒಳಗೆ ಮಟ್ಟವಾಗಿ ಮಾಡಿ, ನೇರವಾಗಿ ಮೇಲಕ್ಕೆ ಎತ್ತಬೇಕು. ನೀರು ಇನ್ನೂ ಇಳಿಯುತ್ತಿರುವಾಗಲೇ ಮುಂದಕ್ಕೂ ಹಿಂದಕ್ಕೂ, ಎಡಕ್ಕೂ ಬಲಕ್ಕೂ ಒಂದೆರಡು ಸಲ ಮೆಲ್ಲಗೆ ಅಲುಗಿಸಿದರೆ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರು ಇಳಿದ ಮೇಲೆ ಅಲುಗಿಸಕೂಡದು. ಅಲುಗಿಸಿದರೆ ಹಾಳೆ ಒಡೆಯುತ್ತದೆ. ತೊಟ್ಟಿಕ್ಕುವುದು ನಿಂತ ತರುವಾಯ ಮೇಲಣ ಚೌಕಟ್ಟನ್ನು ನೇರವಾಗಿ ಎತ್ತಿ ತೆಗೆಯಬೇಕು. ಅದರಿಂದ ಒಂದು ಹನಿ ಬಿದ್ದರೂ ಹಸಿ ಹಾಳೆಯ ಮೇಲೆ ಗುಳಿಯಾಗುತ್ತದೆ.

ಎಂಟು ವರ್ಷ ದಾಟಿದ ಮಕ್ಕಳು ಎರಡು ಮೂರು ಸಲ ಕೆಡಿಸಿ ಕಲಿಯುತ್ತಾರೆ. ಕೆಟ್ಟ ಹಾಳೆಯು ನಷ್ಟವಲ್ಲ; ಜಾಲರಿಯನ್ನು ನೀರಿಗೆ ಬೋರಲುಹಾಕಿದರೆ ತಿರುಳು ತೊಟ್ಟಿಗೇ ಮರಳುತ್ತದೆ. ತಪ್ಪಿದರೆ ದಂಡವಿಲ್ಲದ ಇಂತಹ ಕೆಲಸವು ಮಕ್ಕಳಿಗೆ ಕೈಯ ಹದವನ್ನು ಬಹು ಬೇಗ ಕಲಿಸುತ್ತದೆ.

8. ಮಗುಚುವುದು, ಒತ್ತುವುದು, ಒಣಗಿಸುವುದು

ಮಡಿಸಿದ ಕಂಬಳಿಯ ಮೇಲೆ ಒದ್ದೆ ಬಟ್ಟೆಯ ತುಂಡನ್ನು ಸುಕ್ಕಿಲ್ಲದಂತೆ ಹಾಸಿ, ಜಾಲರಿಯ ಚೌಕಟ್ಟನ್ನು ಒಂದು ಅಂಚಿನಿಂದ ಆರಂಭಿಸಿ ಬಟ್ಟೆಯ ಮೇಲೆ ಬೋರಲಾಗಿಸಿ ಒತ್ತಿ, ಇನ್ನೊಂದು ಅಂಚಿನ ಕಡೆಯಿಂದ ಎತ್ತಬೇಕು. ಹಾಳೆಯು ಬಟ್ಟೆಗೆ ಹತ್ತಿಕೊಂಡು ಜಾಲರಿಯು ಬರಿದಾಗಿ ಬರುವುದು. ಅದರ ಮೇಲೆ ಇನ್ನೊಂದು ಒದ್ದೆ ಬಟ್ಟೆ, ಅದರ ಮೇಲೆ ಇನ್ನೊಂದು ಹಾಳೆ, ಹೀಗೆ ಹತ್ತು ಹನ್ನೆರಡರ ಅಡಕಲಾದ ಕೂಡಲೆ ಅದನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತತಕ್ಕದ್ದು. ಮೊದಲು ಮೆಲ್ಲಗೆ, ಬಳಿಕ ಭಾರವಾಗಿ ಒತ್ತಬೇಕು. ಹಲಗೆಯ ಮೇಲೆ ಮಕ್ಕಳೇ ಹತ್ತಿ ನಿಂತರೆ ನೀರೂ ಇಳಿಯುತ್ತದೆ, ಅವರಿಗೆ ಉಲ್ಲಾಸವೂ ಆಗುತ್ತದೆ. ತರುವಾಯ ಕಲ್ಲುಗಳನ್ನು ಹೇರಿ ಎರಡು ಮೂರು ಗಂಟೆ ಬಿಡಬೇಕು. ಈ ಒತ್ತುವಿಕೆಯನ್ನು ಉಪೇಕ್ಷಿಸಿದರೆ ನಾರುಗಳು ಒಂದನ್ನೊಂದು ಮುಟ್ಟದೆ ಕಾಗದವು ಹತ್ತಿಯಂತೆ ಸಡಿಲವಾಗುವುದು.

ಒತ್ತಿದ ಹಾಳೆಯನ್ನು ಬಟ್ಟೆಯ ಸಮೇತವಾಗಿ ನುಣುಪಾದ ಗೋಡೆಗೋ ಗಾಜಿಗೋ ಹಾಳೆಯ ಕಡೆ ಒಳಗಾಗುವಂತೆ ಹಚ್ಚಿ, ಕೈಯಿಂದ ಸವರಿ, ಬಟ್ಟೆಯನ್ನು ಬಿಡಿಸಿ ತೆಗೆಯಬಹುದು. ಅಥವಾ ಬಟ್ಟೆಯೊಡನೆಯೇ ಹಗ್ಗದ ಮೇಲೆ ನೆರಳಿನಲ್ಲಿ ಒಣಹಾಕಬಹುದು. ಕಡುಬಿಸಿಲಿನಲ್ಲಿ ಒಣಗಿಸಿದರೆ ಅಂಚುಗಳು ಮುರುಟುತ್ತವೆ. ಪೂರಾ ಒಣಗಿದ ಹಾಳೆಗಳನ್ನು ಒಂದು ರಾತ್ರಿ ಭಾರದ ಅಡಿಯಲ್ಲಿ ಇಟ್ಟರೆ ಮಟ್ಟಸವಾಗುತ್ತವೆ.

9. ಗಂಜಿ ಮತ್ತು ಹೊಳಪು

ಹೀಗೆ ಒಣಗಿದ ಕಾಗದದ ಮೇಲೆ ಮಸಿಯಿಂದ ಬರೆದರೆ ಅಕ್ಷರವು ಹರಡಿಕೊಳ್ಳುತ್ತದೆ. ಬರೆಯುವುದಕ್ಕಾಗಿ ಬೇಕಾದಲ್ಲಿ ಒಂದು ಲೀಟರ್ ನೀರಿಗೆ 20 ಗ್ರಾಂ ಅಕ್ಕಿಹಿಟ್ಟು ಅಥವಾ ಮೈದಾಹಿಟ್ಟನ್ನು ಕದಡಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಕುಂಚದಿಂದ ಎರಡು ಕಡೆಗೂ ತೆಳ್ಳಗೆ ಬಳಿದು ಮತ್ತೆ ಒಣಗಿಸತಕ್ಕದ್ದು. ತರುವಾಯ ಹಲಗೆಯ ಮೇಲೆ ಇಟ್ಟು ಕವಡೆಯಿಂದಲೋ ನುಣುಪಾದ ಹೊಳೆಗಲ್ಲಿನಿಂದಲೋ ಉಜ್ಜಿದರೆ ಹೊಳಪು ಬರುವುದು. ಕಾಗಜಿಗಳೂ ಗಂಜಿ ಹಾಕಿ, ಕಲ್ಲಿನಿಂದ ಉಜ್ಜಿಯೇ ತಮ್ಮ ಕಾಗದವನ್ನು ಲೇಖನಿಗೆ ಯೋಗ್ಯವಾಗಿ ಮಾಡುತ್ತಿದ್ದರು. ಗಂಜಿ ಹಾಕಿದ ಕಾಗದಕ್ಕೆ ಹುಳುಗಳ ಭಯವುಂಟು. ಮಳೆಗಾಲದಲ್ಲಿ ಒಣಗಿದ ಸ್ಥಳದಲ್ಲಿ, ನಡುನಡುವೆ ಒಣ ಬೇವಿನ ಎಲೆಗಳನ್ನು ಇಟ್ಟು ಕಾಪಾಡಬಹುದು. ಮೈಲುತುತ್ತವನ್ನು ಸೇರಿಸುವುದು ಮಕ್ಕಳ ಕೈಗೆ ಹೋಗುವ ಕಾಗದಕ್ಕೆ ತಕ್ಕದ್ದಲ್ಲ.

10. ದೋಷಗಳೂ ಪರಿಹಾರಗಳೂ

ಹಾಳೆಯು ಜಾಲರಿಯನ್ನು ಬಿಟ್ಟು ಬಾರದಿದ್ದರೆ: ಬಟ್ಟೆ ಒಣಗಿದೆ, ಇಲ್ಲವೆ ಹಾಳೆ ತೀರ ತೆಳುವಾಗಿದೆ. ಬಟ್ಟೆಯನ್ನು ನೆನೆಸಿ ಹಿಂಡಿ ಹಾಸಬೇಕು. ತಿರುಳನ್ನು ಸ್ವಲ್ಪ ಹೆಚ್ಚಿಸಬೇಕು.

ಒಂದು ಕಡೆ ದಪ್ಪ, ಒಂದು ಕಡೆ ತೆಳು: ಎತ್ತುವಾಗ ಚೌಕಟ್ಟು ವಾಲಿದೆ.

ಗಂಟುಗಳು: ತಿರುಳು ಸರಿಯಾಗಿ ಕುಟ್ಟಲ್ಪಟ್ಟಿಲ್ಲ, ಅಥವಾ ಬಾಳೆಯ ನಾರು ಉದ್ದವಾಗಿ ಉಳಿದು ಒಂದಕ್ಕೊಂದು ಸುತ್ತಿಕೊಂಡಿದೆ. ನಾರನ್ನು ಮತ್ತೆ ಕತ್ತರಿಸಿ ಜಜ್ಜಬೇಕು.

ಮಡಿಸಿದಲ್ಲಿ ಒಡೆಯುವುದು: ಉದ್ದ ನಾರು ಸಾಲದು, ಇಲ್ಲವೆ ಒತ್ತಿದ್ದು ಸಾಲದು.

ದುರ್ವಾಸನೆ: ಹಸಿಯ ತಿರುಳನ್ನು ಸೆಕೆಗಾಲದಲ್ಲಿ ಎರಡು ದಿನಗಳಿಗಿಂತ ಹೆಚ್ಚಾಗಿ ಇಡಲಾಗಿದೆ. ಉಳಿದ ತಿರುಳನ್ನು ಆಯಾ ದಿನವೇ ಸೋಸಿ ಉಂಡೆಕಟ್ಟಿ ಒಣಗಿಸಬೇಕು.

11. ನೀರು ಮತ್ತು ಉಳಿಕೆಗಳು

ತೊಟ್ಟಿಯ ನೀರನ್ನು ಪ್ರತಿ ಸಲವೂ ಚೆಲ್ಲಬೇಕಾಗಿಲ್ಲ. ಬಟ್ಟೆಯಲ್ಲಿ ಸೋಸಿದರೆ ಅದೇ ನೀರು ಅದೇ ದಿನ ಎರಡನೆಯ ತಂಡದ ಕೆಲಸಕ್ಕೆ ಬರುವುದು. ಕೊನೆಯಲ್ಲಿ ಸೋಸಿ ತೆಂಗಿನ ಬುಡಕ್ಕೆ ಹಾಕಬಹುದು. ಬೇಸಗೆಯ ರಜೆಯಲ್ಲಿ ಕಾಗದವು ಬೇಗ ಒಣಗುವುದಾದರೂ ನೀರಿಗೆ ಕೊರತೆಯಿರುವ ಊರುಗಳಲ್ಲಿ ದಸರೆಯ ರಜೆಯೇ ಅನುಕೂಲ.

ನಾರು ಬೇಯಿಸಿದ ಸೋಡಾನೀರಿನ ವಿಷಯ ಬೇರೆ. ಸೋಡಾದಲ್ಲಿರುವ ಸೋಡಿಯಂ ಅಂಶವು ಒಂದೇ ಸ್ಥಳದಲ್ಲಿ ಮೇಲಿಂದಮೇಲೆ ಬಿದ್ದರೆ ಮಣ್ಣು ಗಟ್ಟಿಯಾಗಿ ಕರಲಾಗುವುದು. ಕೆರೆಕಟ್ಟೆಗಳಿಗೂ ಅದನ್ನು ಬಿಡಕೂಡದು. ಬೂದಿಯ ನೀರಿನಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಷ್ ಆದುದರಿಂದ, ಚೆನ್ನಾಗಿ ನೀರು ಬೆರಸಿ ತೆಳುಮಾಡಿ ಗೊಬ್ಬರದ ಗುಂಡಿಯ ಮೇಲೆ ಚಿಮುಕಿಸಬಹುದು. ನಾಲ್ಕಾರು ಮನೆಗಳವರು ಸೇರಿ ಈ ಕೆಲಸವನ್ನು ಮಾಡುವಲ್ಲಿ ಬೂದಿಯ ನೀರನ್ನೇ ಆರಿಸಿಕೊಳ್ಳುವುದು ವಿಹಿತ.

12. ಪ್ರಯೋಜನ

ಮೇಲೆ ಹೇಳಿದ 100 ಗ್ರಾಂ ತಿರುಳಿನಿಂದ, 8 ಅಂಗುಲ ಉದ್ದ 6 ಅಂಗುಲ ಅಗಲದ, ತಲಾ ಸುಮಾರು 4 ಗ್ರಾಂ ತೂಗುವ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಹಾಳೆಗಳು ಆಗುತ್ತವೆ. ಇದನ್ನು ಮಕ್ಕಳಿಗೆ ಒಂದು ಲೆಕ್ಕವಾಗಿ ಕೊಡಬಹುದು. ಹಾಳೆಯ ವಿಸ್ತಾರ 48 ಚದರ ಅಂಗುಲ. ಒಂದು ಚದರ ಮೀಟರಿಗೆ 1550 ಚದರ ಅಂಗುಲ. ಹಾಗಾದರೆ ಈ ಕಾಗದವು ಚದರ ಮೀಟರಿಗೆ ಎಷ್ಟು ತೂಗುವುದು? ಉತ್ತರವು ಸುಮಾರು 129 ಗ್ರಾಂ. ಕಾರ್ಖಾನೆಯ ಬರವಣಿಗೆಯ ಕಾಗದಗಳು ಸಾಮಾನ್ಯವಾಗಿ 60ರಿಂದ 80 ಗ್ರಾಂ ತೂಗುವುವು. ಆದುದರಿಂದ ಇದು ದಿನನಿತ್ಯದ ಬರವಣಿಗೆಗಿಂತ ಬೀಜದ ಪೊಟ್ಟಣ, ಲಕೋಟೆ, ಪುಸ್ತಕದ ಹೊದಿಕೆ, ಆಮಂತ್ರಣಪತ್ರ, ಚಿತ್ರ ಬರೆಯುವ ಹಾಳೆ ಇವುಗಳಿಗೆ ಹೆಚ್ಚು ಯೋಗ್ಯ.

ಬಿತ್ತನೆಯ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ಒಕ್ಕಲುಮನೆಗಳಲ್ಲಿ ತರಕಾರಿಯ ಬೀಜಗಳನ್ನು ಈ ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳಿಯ ಹೆಸರನ್ನೂ ಕೊಯ್ಲಿನ ತಿಂಗಳನ್ನೂ ಮೇಲೆ ಬರೆದಿಡಬಹುದು. ಪೂರಾ ಒಣಗಿದ ಬೀಜವನ್ನು ಮಾತ್ರ ಕಟ್ಟಬೇಕು. ಗಟ್ಟಿ ತಿರುಳನ್ನು ಸಣ್ಣ ಬಟ್ಟಲಿನ ಒಳಗೆ ಒತ್ತಿ ಒಣಗಿಸಿದರೆ ಸಸಿಯ ಕುಂಡವಾಗುವುದು. ಬದನೆ, ಟೊಮೇಟೊ ಸಸಿಗಳನ್ನು ಇದರಲ್ಲಿ ಎಬ್ಬಿಸಿ ಕುಂಡದ ಸಮೇತವಾಗಿ ನಾಟಿಮಾಡಬಹುದು. ಬೇರಿಗೆ ಅಡ್ಡಿಯಾಗದಂತೆ ನಾಟಿಯ ಕಾಲದಲ್ಲಿ ತಳವನ್ನು ಹರಿಯತಕ್ಕದ್ದು. ಹರಿವೆ, ತುಳಸಿ ಮೊದಲಾದ ಸಣ್ಣ ಬೀಜಗಳನ್ನು ಹಸಿ ಹಾಳೆಯ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ, ಮೊಳೆಯುವುದಕ್ಕೆ ಅವಕಾಶವಿಲ್ಲದಂತೆ ಅದೇ ದಿನ ಗಾಳಿಯಲ್ಲಿ ಒಣಗಿಸಿದರೆ, ಆ ಹಾಳೆಯನ್ನೇ ಮಣ್ಣಿನಲ್ಲಿ ಹೂತು ಸಸಿಗಳನ್ನು ಪಡೆಯಬಹುದು. ಇಂತಹ ಹಾಳೆಗೆ ಗಂಜಿ ಹಾಕಬಾರದು, ಹೆಚ್ಚು ಕಾಲ ಇಡಲೂಬಾರದು.

ಇದರಿಂದ ಹಣವಾಗುವುದೇ ಎಂಬ ಪ್ರಶ್ನೆಯು ಯಜಮಾನರಿಗೆ ಸಹಜವಾದದ್ದು. ಮನೆಯಲ್ಲಿ ಎತ್ತಿದ ಒಂದು ಹಾಳೆಗೆ ತಗಲುವ ಹೊತ್ತನ್ನು ಕೂಲಿಯ ಲೆಕ್ಕಕ್ಕೆ ಹಿಡಿದರೆ ಅದು ಅಂಗಡಿಯ ಹಾಳೆಗಿಂತ ಎಷ್ಟೋ ಪಾಲು ದುಬಾರಿ. ಕೈಕಾಗದವನ್ನು ಉದ್ಯಮವಾಗಿ ನಡೆಸತಕ್ಕವರಿಗೆ ತಿರುಳು ಬಡಿಯುವ ಯಂತ್ರ, ಒತ್ತುಯಂತ್ರ, ಹೊಳಪುಯಂತ್ರ, ಹಾಗೂ ಖಚಿತವಾದ ಗಿರಾಕಿಗಳು ಬೇಕು. ಅಂತಹವರು 1957ರಲ್ಲಿ ಸ್ಥಾಪಿತವಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮೂಲಕ ಮೊದಲು ತಿಳಿವಳಿಕೆಯನ್ನು ಪಡೆದು, ಆ ಮೇಲೆ ಬಂಡವಾಳ ಹೂಡುವುದು ಉಚಿತ. ಮನೆಯ ಕಾಗದದಿಂದ ಆಗುವ ಲಾಭವು ಬೇರೆ ವಿಧವಾದದ್ದು. ಪ್ಲಾಸ್ಟಿಕ್ಕಿನೊಡನೆ ಹಿತ್ತಿಲಿನಲ್ಲಿ ಸುಡುವ ಕಸದ ಹೊಗೆ ಕಡಿಮೆಯಾಗುವುದು. ಯಾವುದು ಕಸ, ಯಾವುದು ದ್ರವ್ಯ, ಯಾವುದು ವಿಷ ಎಂದು ವಿಂಗಡಿಸುವ ಅಭ್ಯಾಸವು ಮನೆಯಲ್ಲಿ ನೆಲೆಗೊಳ್ಳುವುದು. ಒಂದು ಹಾಳೆಯನ್ನು ಕೈಯಾರೆ ಎತ್ತಿದ ಮಗುವು ಮುಂದೆ ಪುಸ್ತಕದ ಹಾಳೆಯನ್ನು ಸುಮ್ಮನೆ ಹರಿದು ಬಿಸಾಡಲು ಹಿಂಜರಿಯುವುದು.

13. ಗ್ರಾಮದ ಹಿರಿಯರಿಂದ ಆಗಬೇಕಾದ ಕೆಲಸ

ಜಪಾನು ದೇಶದಲ್ಲಿ ಕಾಗದಕ್ಕೆ ಹೆಸರಾದ ಕೆಲವು ಊರುಗಳ ಶಾಲೆಗಳಲ್ಲಿ, ವಿದ್ಯಾಭ್ಯಾಸ ಮುಗಿಸುವ ಮಕ್ಕಳು ತಮ್ಮ ಪ್ರಮಾಣಪತ್ರಕ್ಕೆ ಬೇಕಾದ ಕಾಗದವನ್ನು ತಾವೇ ಎತ್ತುವ ಪದ್ಧತಿಯುಂಟು. ಆ ದೇಶದ ಕೈಕಾಗದದ ಕಸುಬನ್ನು 2014ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡನಾಡಿನ ಗ್ರಾಮಗಳಲ್ಲಿಯೂ ಇದಕ್ಕೆ ತಕ್ಕ ಅನುಕೂಲಗಳಿಗೆ ಕೊರತೆಯಿಲ್ಲ. ಬಾಳೆಯ ತೋಟವುಳ್ಳವರು ಪಟ್ಟೆಯನ್ನು ಕೊಡಬಹುದು. ಪಂಚಾಯಿತಿಯವರು ಬೇಡವಾದ ಕಾಗದವನ್ನು ಪರೀಕ್ಷಿಸಿ ಕೂಡಿಡಬಹುದು. ಬಡಗಿಯಿಂದ ನಾಲ್ಕು ಜೊತೆ ಚೌಕಟ್ಟುಗಳನ್ನು ಮಾಡಿಸಿ ಶಾಲೆಗೆ ಕೊಡಬಹುದು. ನಾರು ಬೇಯಿಸುವ ಹೊಣೆಯನ್ನು ವಿವೇಕವುಳ್ಳ ಹಿರಿಯರೊಬ್ಬರು ವಹಿಸಿಕೊಂಡರೆ ಉಳಿದ ಕೆಲಸವನ್ನು ಮಕ್ಕಳೇ ನಡೆಸಬಲ್ಲರು.

ಮೊದಲನೆಯ ವರ್ಷ ಒಂದು ಶಾಲೆ, ಒಂದು ತೊಟ್ಟಿ, ಎರಡು ದಿನಗಳ ಕೆಲಸ ಇಷ್ಟನ್ನು ಮಾತ್ರ ಕೈಗೊಳ್ಳುವುದು ಒಳ್ಳೆಯದು. ಬರಿಯ ಹಳೆಯ ಕಾಗದದ ಐದು ಹಾಳೆಗಳನ್ನೂ, ಬಾಳೆನಾರು ಬೆರಸಿದ ಐದು ಹಾಳೆಗಳನ್ನೂ ಮಾಡಿಸಿ, ಎರಡನ್ನೂ ಮಕ್ಕಳ ಕೈಯಿಂದ ಮಡಿಸಿ ಬಿಡಿಸಿ, ಎಷ್ಟನೆಯ ಮಡಿಕೆಗೆ ಹರಿಯಿತೆಂದು ಎಣಿಸಿ ಬರೆಯಿಸತಕ್ಕದ್ದು. ಆ ಎಣಿಕೆಯನ್ನು ಅದೇ ಕಾಗದದ ಮೇಲೆ ಬರೆದು ಶಾಲೆಯ ಗೋಡೆಗೆ ಹಚ್ಚಿದರೆ, ಹಳೆಯ ಕಾಗದಕ್ಕೆ ತೋಟದ ನಾರು ಕೊಟ್ಟ ಬಲವೆಷ್ಟೆಂಬುದು ನೋಡಿದವರೆಲ್ಲರಿಗೂ ತಾನಾಗಿಯೇ ತಿಳಿಯುವುದು.